ಘಟನೆಗಳ ಹರಿವಿಗೆ ಕಡಿವಾಣ: ಗಣಕ ಕಸುಬಿನ ಒಂದು ಪರಂಪರೆಯ ಚರಿತ್ರೆ

ಒಂದು ಸಮುದಾಯವು ತನ್ನ ಕಸುಬನ್ನು ಹೇಗೆ ಗ್ರಹಿಸಿದೆ ಎಂಬುದನ್ನು ಆ ಕಸುಬಿನ ಪದಗಳ ಮೂಲಕ ಅರಿಯುವುದು ಜಾನಪದ ಅಧ್ಯಯನದ ಪರಿಚಿತ ಮಾರ್ಗ. ನೇಕಾರರ, ಕುಂಬಾರರ, ಕಮ್ಮಾರರ, ಮೀನುಗಾರರ ವೃತ್ತಿಪದಗಳ ಸಂಗ್ರಹ ಮತ್ತು ವಿಶ್ಲೇಷಣೆ ಕನ್ನಡದಲ್ಲಿಯೂ ನಡೆದುಬಂದಿದೆ. ‘ಜನಪದ’ವೆಂದರೆ ಗ್ರಾಮವಾಸಿಗಳು ಮಾತ್ರವಲ್ಲ, ಯಾವುದಾದರೊಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪೂ ಜನಪದವೇ ಎಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಪ್ರತಿಪಾದಿಸಿದ ಮೇಲೆ ಈ ಅಧ್ಯಯನದ ವ್ಯಾಪ್ತಿ ಹಿಗ್ಗಿತು. 1975ರಲ್ಲಿ ಡಂಡೆಸ್ ಮತ್ತು ಕಾರ್ಲ್ ಪಾಗ್ಟರ್ ಕಚೇರಿಗಳ ನಕಲು ಯಂತ್ರಗಳ ಮೂಲಕ ಕೈಯಿಂದ ಕೈಗೆ ಸಾಗುತ್ತಿದ್ದ ಸಾಮಗ್ರಿಯನ್ನು ಪುಸ್ತಕವಾಗಿ ಪ್ರಕಟಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ರಾಫೆಲ್ ಫಿಂಕೆಲ್ ಗಣಕ ಕಸುಬುದಾರರ ಆಡುಪದಗಳ ಪಟ್ಟಿಯೊಂದನ್ನು ಆರಂಭಿಸಿದರು. ಗಣಕದ ಕಸುಬಿಗೂ ತನ್ನದೇ ಆದ ನುಡಿ, ತನ್ನದೇ ಆದ ಪರಂಪರೆ ಇದೆಯೆಂಬ ಅರಿವು ಹೀಗೆ ಮೂಡಿತು.

ಈ ಕಸುಬಿನಲ್ಲಿ ಪದೇ ಪದೇ ಎದುರಾಗುವ ಒಂದು ಸಮಸ್ಯೆ, ಅದಕ್ಕೆ ಕಂಡುಕೊಂಡ ಉಪಾಯಗಳು ಹಾಗೂ ಆ ಉಪಾಯಗಳಿಗಿಟ್ಟ ಹೆಸರುಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರಗಿನಿಂದ ಬರುವ ಸುದ್ದಿಗಳು ಯಂತ್ರವು ನಿಭಾಯಿಸಬಲ್ಲ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಬಂದಾಗ ಮಾಡಬೇಕಾದದ್ದೇನು ಎಂಬುದೇ ಆ ಸಮಸ್ಯೆ. ಕೀಲಿಯ ಒಂದು ಒತ್ತು, ಮೌಸಿನ ಒಂದು ಚಲನೆ, ಸಂವೇದಕದ ಒಂದು ಅಳತೆ, ಜಾಲದಿಂದ ಬಂದ ಒಂದು ಸಂದೇಶ ಇವೆಲ್ಲವನ್ನೂ ಕಸುಬಿನ ನುಡಿಯಲ್ಲಿ ‘ಈವೆಂಟ್’, ಅಂದರೆ ಘಟನೆ ಎನ್ನಲಾಗುತ್ತದೆ. ಘಟನೆಗಳ ದರಕ್ಕೆ ಮಿತಿ ಹಾಕುವ ಕ್ರಮವು ಮೇಲುನೋಟಕ್ಕೆ ಕೇವಲ ವೇಗದ ಪ್ರಶ್ನೆಯಾಗಿ ಕಂಡರೂ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂಬ ವಿವೇಕದ ಪ್ರಶ್ನೆಯೇ ಅದರ ತಿರುಳಾಗಿದೆ.

ಪದಗಳ ಮೂಲ

ಈ ಕ್ಷೇತ್ರದ ಮೂರು ಮುಖ್ಯ ಪದಗಳು ‘ಥ್ರಾಟಲ್’, ‘ಡಿಬೌನ್ಸ್’ ಮತ್ತು ‘ಬ್ಯಾಕ್‌ಪ್ರೆಷರ್’. ಮೂರೂ ತಂತ್ರಾಂಶದಲ್ಲಿ ಹುಟ್ಟಿದವಲ್ಲ. ಲೋಹದ ಕಸುಬುಗಳಿಂದ ವಲಸೆ ಬಂದವು.

‘ಥ್ರಾಟಲ್’ ಎಂಬ ಪದಕ್ಕೆ ಗಂಟಲಿನ ನಂಟಿದೆ. ಗಂಟಲು ಹಿಸುಕುವುದು ಅದರ ಮೊದಲ ಅರ್ಥ. ಹಬೆಯಂತ್ರಕ್ಕೆ ಹಬೆ ಸಾಗುವ ಕೊಳವೆಯ ಕವಾಟಕ್ಕೆ ಈ ಹೆಸರು ಅಂಟಿಕೊಂಡಿತು. 1788ರಲ್ಲಿ ಜೇಮ್ಸ್ ವ್ಯಾಟ್ ತಿರುಗುವ ಎರಡು ಗುಂಡುಗಳ ಸಾಧನವನ್ನು ಹಬೆಯಂತ್ರಕ್ಕೆ ಜೋಡಿಸಿ, ಯಂತ್ರದ ವೇಗ ಏರಿದಂತೆ ಆ ಕವಾಟವು ತಾನಾಗಿ ಕಿರಿದಾಗುವಂತೆ ಮಾಡಿದರು. ಇಂಥ ಸಾಧನವು ಅದಕ್ಕೂ ಮುನ್ನ ಗಾಳಿಗಿರಣಿಗಳಲ್ಲಿ ಬಳಕೆಯಲ್ಲಿತ್ತೆಂಬುದು ಗಮನಾರ್ಹ. ಗಿರಣಿಯವರ ಅನುಭವಜ್ಞಾನ ಹಬೆಯಂತ್ರಕ್ಕೆ ಬಂದು, 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರ ಪ್ರಬಂಧದಲ್ಲಿ ಗಣಿತದ ರೂಪ ಪಡೆಯಿತು.

‘ಡಿಬೌನ್ಸ್’ ಎಂದರೆ ಪುಟಿತವನ್ನು ನಿವಾರಿಸುವುದು. ವಿದ್ಯುತ್ ಗುಂಡಿಯೊಂದನ್ನು ಒತ್ತಿದಾಗ ಅದರೊಳಗಿನ ಎರಡು ಲೋಹದ ತುದಿಗಳು ಒಮ್ಮೆಲೇ ಕೂಡಿಕೊಳ್ಳುವುದಿಲ್ಲ. ತಾಗಿ, ಪುಟಿದು, ಮತ್ತೆ ತಾಗಿ, ಕೆಲವು ಮಿಲಿಸೆಕೆಂಡುಗಳ ನಂತರ ನಿಲ್ಲುತ್ತವೆ. ಮನುಷ್ಯನ ಕಿವಿಗೆ ಅದು ಒಂದೇ ಸಪ್ಪಳ. ವೇಗದ ವಿದ್ಯುನ್ಮಾನ ಮಂಡಲಕ್ಕಾದರೋ ಅದು ಹಲವು ಒತ್ತುಗಳು. ಆದ್ದರಿಂದ ಪುಟಿತ ಶಮನವಾಗುವವರೆಗೆ ಕಾದು, ನಂತರ ಒಂದೇ ಒತ್ತೆಂದು ಎಣಿಸುವ ಉಪಾಯಗಳನ್ನು ಯಂತ್ರಾಂಶದವರು ರೂಢಿಸಿಕೊಂಡರು.

‘ಬ್ಯಾಕ್‌ಪ್ರೆಷರ್’ ಎಂದರೆ ಹಿಮ್ಮುಖ ಒತ್ತಡ. ಕೊಳವೆಯ ಮುಂದಿನ ತುದಿಯಲ್ಲಿ ದ್ರವ ಅಥವಾ ಅನಿಲ ಸರಾಗವಾಗಿ ಹೊರಹೋಗದಿದ್ದರೆ ಹಿಂದಕ್ಕೆ ಉಂಟಾಗುವ ಒತ್ತಡಕ್ಕೆ ಈ ಹೆಸರು. ಮುಂದಿನವನ ಕಷ್ಟ ಹಿಂದಿನವನಿಗೆ ತಿಳಿಯುವುದು ಈ ಒತ್ತಡದಿಂದಲೇ. ಈ ಮೂರು ಪದಗಳ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆ ಸ್ಪಷ್ಟವಾಗುತ್ತದೆ: ಒಂದು ಹರಿವನ್ನು ಕಿರಿದುಮಾಡುತ್ತದೆ, ಇನ್ನೊಂದು ಗದ್ದಲ ಅಡಗುವವರೆಗೆ ಕಾಯುತ್ತದೆ, ಮತ್ತೊಂದು ಕಳುಹಿಸುವವನನ್ನೇ ತಡೆಯುತ್ತದೆ.

ಎರಡು ಪ್ರಸಂಗಗಳು

ಘಟನೆಗಳ ಪ್ರವಾಹವು ಏನು ಮಾಡಬಲ್ಲದೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಎರಡು ಪ್ರಸಂಗಗಳು ಪ್ರಸಿದ್ಧ ನಿದರ್ಶನಗಳಾಗಿವೆ.

ಮೊದಲನೆಯದು 1969ರ ಜುಲೈ 20ರಂದು ಅಪೋಲೊ 11ರ ‘ಈಗಲ್’ ನೌಕೆ ಚಂದ್ರನ ಮೇಲಿಳಿಯುತ್ತಿದ್ದಾಗ ನಡೆದದ್ದು. ನೌಕೆಯ ಗಣಕವು 1202 ಮತ್ತು 1201 ಎಂಬ ಎಚ್ಚರಿಕೆ ಸಂಖ್ಯೆಗಳನ್ನು ತೋರಿಸಿತು. ಆ ಕ್ಷಣದಲ್ಲಿ ಅಗತ್ಯವಿರದ ರೇಡಾರೊಂದು ವಿದ್ಯುತ್ ಸಂಕೇತಗಳ ಹೊಂದಾಣಿಕೆಯ ದೋಷದಿಂದಾಗಿ ಸೆಕೆಂಡಿಗೆ 12,800ರವರೆಗೆ ಅರ್ಥಹೀನ ಎಣಿಕೆಗಳನ್ನು ಗಣಕಕ್ಕೆ ಕಳುಹಿಸುತ್ತಿತ್ತು. ಪ್ರತಿ ಎಣಿಕೆಯೂ ಗಣಕದ ಒಂದು ಸ್ಮೃತಿಚಕ್ರವನ್ನು, ಅಂದರೆ ಸುಮಾರು 11.7 ಮೈಕ್ರೊಸೆಕೆಂಡನ್ನು ಕಬಳಿಸುತ್ತಿದ್ದುದರಿಂದ, ಒಟ್ಟು ಸಮಯದಲ್ಲಿ ಶೇಕಡ 15ರಷ್ಟು ವ್ಯರ್ಥವಾಯಿತು. ಈ ಎಣಿಕೆಗಳನ್ನು ಬಾಗಿಲಲ್ಲೇ ತಡೆಯುವ ಉಪಾಯ ತಂತ್ರಾಂಶದ ಕೈಯಲ್ಲಿರಲಿಲ್ಲ. ಆದರೆ ಹಾಲ್ ಲ್ಯಾನಿಂಗ್ ರೂಪಿಸಿದ್ದ ಆದ್ಯತೆಯ ವ್ಯವಸ್ಥೆ ಮತ್ತು ಮಾರ್ಗರೆಟ್ ಹ್ಯಾಮಿಲ್ಟನ್ ಮುಂದಾಳತ್ವದ ತಂಡದ ತಂತ್ರಾಂಶವು ಕೆಲಸಗಳನ್ನು ಮರು ಆರಂಭಿಸಿ, ಇಳಿಯುವಿಕೆಗೆ ಅನಿವಾರ್ಯವಾದುವನ್ನು ಉಳಿಸಿಕೊಂಡು ಉಳಿದುವನ್ನು ಕೈಬಿಟ್ಟಿತು. ಏನನ್ನು ಬಿಡಬಹುದೆಂಬುದನ್ನು ಮೊದಲೇ ಯೋಚಿಸಿದ್ದುದರಿಂದ ನೌಕೆ ಇಳಿಯಿತು.

ಎರಡನೆಯದು ಇದಕ್ಕೆ ವ್ಯತಿರಿಕ್ತವಾದುದು. 1979ರ ಮಾರ್ಚ್ 28ರ ಬೆಳಗಿನ ಜಾವ ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತ ಸಂಭವಿಸಿತು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಮೊಳಗಿದವು. ಮುಖ್ಯವಲ್ಲದ ಎಚ್ಚರಿಕೆಗಳನ್ನು ಅಡಗಿಸಿ ಮುಖ್ಯವಾದುವನ್ನು ಎತ್ತಿ ತೋರಿಸುವ ವ್ಯವಸ್ಥೆ ಅಲ್ಲಿರಲಿಲ್ಲವೆಂದು ಜಾನ್ ಕೆಮೆನಿ ಅಧ್ಯಕ್ಷತೆಯ ಆಯೋಗವು ಅದೇ ವರ್ಷ ವರದಿ ಮಾಡಿತು. ಎಚ್ಚರಿಕೆಗಳನ್ನು ಬಂದ ಸಾಲಿನಲ್ಲೇ ಮುದ್ರಿಸುತ್ತಿದ್ದ ಯಂತ್ರವು ಒಂದು ಹಂತದಲ್ಲಿ ನಡೆಯುತ್ತಿದ್ದ ವಿದ್ಯಮಾನಗಳಿಗಿಂತ ಎರಡೂವರೆ ಗಂಟೆಗೂ ಹೆಚ್ಚು ಹಿಂದೆ ಬಿದ್ದಿತ್ತು. ಒಮ್ಮೆ ಸಿಕ್ಕಿಕೊಂಡು ನಿಂತೇ ಹೋಗಿ, ಮಹತ್ವದ ಮಾಹಿತಿ ನಷ್ಟವಾಯಿತು. ಯಾವುದನ್ನೂ ಬಿಡಬಾರದೆಂಬ ನಿಷ್ಠೆಯು ಎಲ್ಲವನ್ನೂ ನಿರುಪಯುಕ್ತಗೊಳಿಸಬಲ್ಲದೆಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು. ಪ್ರವಾಹವನ್ನು ಮಿತಗೊಳಿಸದ ವ್ಯವಸ್ಥೆಯಲ್ಲಿಯೂ ಸುದ್ದಿ ಕಳೆದುಹೋಗುತ್ತದೆ. ಕಳೆದುಹೋಗುವುದು ಯಾವುದೆಂಬ ಆಯ್ಕೆ ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ.

ಜಾಲದ ಪಾಠ

ಗಣಕಗಳು ಪರಸ್ಪರ ಮಾತನಾಡತೊಡಗಿದ ಮೇಲೆ ಸಮಸ್ಯೆಯು ಇನ್ನೊಂದು ರೂಪ ತಾಳಿತು. ದೂರದ ಗಣಕದೊಡನೆ ಕೀಲಿಮಣೆಯ ಮೂಲಕ ವ್ಯವಹರಿಸುವಾಗ ಪ್ರತಿ ಅಕ್ಷರವೂ ಪ್ರತ್ಯೇಕ ಪೊಟ್ಟಣವಾಗಿ ಹೊರಡುತ್ತಿತ್ತು. ಅಕ್ಷರ ಒಂದು ಬೈಟ್, ಅದರ ವಿಳಾಸಾದಿ ವಿವರಗಳು 40 ಬೈಟ್. ಹೊರೆಗಿಂತ ಹೊರುವ ಗಾಡಿಯೇ ಭಾರವಾದ ಈ ಸ್ಥಿತಿಗೆ ಜಾನ್ ನೇಗಲ್ 1984ರ ಜನವರಿಯಲ್ಲಿ ಸರಳ ನಿಯಮವೊಂದನ್ನು ಸೂಚಿಸಿದರು. ಮೊದಲು ಕಳುಹಿಸಿದ್ದು ತಲುಪಿತೆಂಬ ಉತ್ತರ ಬರುವವರೆಗೆ ಹೊಸ ಅಕ್ಷರಗಳನ್ನು ಕೂಡಿಟ್ಟುಕೊಂಡು, ಉತ್ತರ ಬಂದೊಡನೆ ಒಟ್ಟಿಗೆ ಕಳುಹಿಸುವುದೇ ಆ ನಿಯಮ. ಇಲ್ಲಿ ಮಿತಿಯನ್ನು ನಿರ್ಧರಿಸುವುದು ಗಡಿಯಾರವಲ್ಲ, ಎದುರಿನವರ ಉತ್ತರ. ಜಾಲ ಚುರುಕಾಗಿದ್ದರೆ ಅಕ್ಷರಗಳು ಬೇಗ ಹೋಗುತ್ತವೆ, ದಣಿದಿದ್ದರೆ ಕಾಯುತ್ತವೆ.

1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕೇವಲ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಉತ್ತರ ಬಾರದ ಯಂತ್ರಗಳು ಅದೇ ಪೊಟ್ಟಣಗಳನ್ನು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸಿದ್ದವು. ಕಳುಹಿಸುವವನೇ ಜಾಲದ ಸ್ಥಿತಿಯನ್ನು ಅರಿತು ತನ್ನ ವೇಗವನ್ನು ತಗ್ಗಿಸಿಕೊಳ್ಳಬೇಕೆಂಬ ಕ್ರಮವನ್ನು ವ್ಯಾನ್ ಜೇಕಬ್‌ಸನ್ 1988ರ ಪ್ರಬಂಧದಲ್ಲಿ ಮಂಡಿಸಿದರು.

ಪ್ರತಿಸ್ಪಂದನೆಯ ಕ್ರಮ

‘ರಿಯಾಕ್ಟಿವ್’ ಅಥವಾ ಪ್ರತಿಸ್ಪಂದನಶೀಲ ವ್ಯವಸ್ಥೆ ಎಂಬ ಪರಿಕಲ್ಪನೆಯನ್ನು ಡೇವಿಡ್ ಹರೆಲ್ ಮತ್ತು ಅಮಿರ್ ಪ್ನುಯೆಲಿ 1985ರಲ್ಲಿ ವಿವರಿಸಿದರು. ಒಂದು ಲೆಕ್ಕವನ್ನು ಪಡೆದು, ಉತ್ತರ ನೀಡಿ ಮುಗಿಯುವ ಕಾರ್ಯಕ್ರಮಗಳಿಗಿಂತ ಪರಿಸರದೊಡನೆ ಎಡೆಬಿಡದೆ ವ್ಯವಹರಿಸುವ ವ್ಯವಸ್ಥೆಗಳು ಭಿನ್ನವೆಂಬುದು ಅವರ ವಾದ. ಎಸ್ಟೆರೆಲ್ ಭಾಷೆಯನ್ನು ರೂಪಿಸಿದ ಫ್ರಾನ್ಸಿನ ಜೆರಾರ್ ಬೆರಿ ಇದನ್ನು ಮತ್ತಷ್ಟು ಖಚಿತಗೊಳಿಸಿ, ಇಂಥ ವ್ಯವಸ್ಥೆಯ ವೇಗವನ್ನು ನಿರ್ಧರಿಸುವುದು ಕಾರ್ಯಕ್ರಮವಲ್ಲ, ಅದರ ಪರಿಸರ ಎಂದರು. ಈ ವ್ಯಾಖ್ಯೆಯಲ್ಲಿಯೇ ಮುಂದಿನ ಬಿಕ್ಕಟ್ಟಿನ ಬೀಜವಿದೆ. ಪರಿಸರವು ಕುಣಿಸಿದಂತೆ ಕುಣಿಯಬೇಕಾದ ಕಾರ್ಯಕ್ರಮಕ್ಕೆ ತನ್ನ ಉಸಿರಾಟದ ಲಯವನ್ನು ಕಾಪಾಡಿಕೊಳ್ಳುವ ಹಕ್ಕು ಎಷ್ಟು ಎಂಬುದೇ ಆ ಬಿಕ್ಕಟ್ಟು.

1997ರಲ್ಲಿ ಕೊನಾಲ್ ಎಲಿಯಟ್ ಮತ್ತು ಪಾಲ್ ಹುಡಾಕ್ ಪ್ರಕಟಿಸಿದ ಪ್ರಬಂಧವು ಎರಡು ಬಗೆಯ ವಸ್ತುಗಳನ್ನು ಬೇರ್ಪಡಿಸಿತು. ಕಾಲದುದ್ದಕ್ಕೂ ಬದಲಾಗುತ್ತ ಯಾವ ಕ್ಷಣದಲ್ಲಿಯೂ ಒಂದು ಬೆಲೆ ಹೊಂದಿರುವಂಥದು ಒಂದು. ಬಿಡಿಬಿಡಿಯಾಗಿ ಸಂಭವಿಸುವಂಥದು ಇನ್ನೊಂದು. ಮೌಸಿನ ಸ್ಥಾನ ಮೊದಲನೆಯದು, ಮೌಸಿನ ಒತ್ತು ಎರಡನೆಯದು. ದರದ ಮಿತಿಗೆ ಈ ವಿಂಗಡಣೆಯೇ ತಳಹದಿ. ಸ್ಥಿತಿಯನ್ನು ತಿಳಿಸುವ ಸುದ್ದಿಗಳಲ್ಲಿ ಹಳೆಯವನ್ನು ಬಿಟ್ಟು ಕೊನೆಯದನ್ನು ಹಿಡಿದರೆ ನಷ್ಟವಿಲ್ಲ. ಸಂಭವವನ್ನು ತಿಳಿಸುವ ಸುದ್ದಿಗಳಲ್ಲಿ ಒಂದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ. ಬ್ಯಾಂಕಿನ ಖಾತೆಯ ಶಿಲ್ಕನ್ನು ಆಗಾಗ ತೋರಿಸಿದರೆ ಸಾಕು; ಆದರೆ ಜಮೆಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

ಮೈಕ್ರೊಸಾಫ್ಟ್ ಸಂಸ್ಥೆಯಲ್ಲಿ ಎರಿಕ್ ಮೇಯರ್ ಮತ್ತು ಸಹೋದ್ಯೋಗಿಗಳು ರೂಪಿಸಿದ ‘ರಿಯಾಕ್ಟಿವ್ ಎಕ್ಸ್‌ಟೆನ್ಷನ್ಸ್’ ಎಂಬ ತಂತ್ರಾಂಶ ಸಂಗ್ರಹವು 2009ರ ನವೆಂಬರ್‌ನಲ್ಲಿ ಹೊರಬಂದಿತು. ಪಟ್ಟಿಯಿಂದ ಒಂದೊಂದೇ ವಸ್ತುವನ್ನು ಎಳೆದುಕೊಳ್ಳುವ ಕ್ರಮವನ್ನು ತಿರುಗಿಸಿದರೆ, ವಸ್ತುಗಳೇ ಒಂದೊಂದಾಗಿ ಬಂದು ತಲುಪುವ ಕ್ರಮ ದೊರೆಯುತ್ತದೆ ಎಂಬುದು ಅದರ ಮೂಲ ಚಿಂತನೆ. ಹೀಗೆ ಘಟನೆಗಳ ಹರಿವೂ ಒಂದು ಪಟ್ಟಿಯಂತೆಯೇ ಸೋಸಲು, ಜೋಡಿಸಲು, ಮಿತಗೊಳಿಸಲು ಬರುವಂತಾಯಿತು.

ಉಪಾಯಗಳ ಸ್ವರೂಪ

ಈ ಉಪಾಯಗಳ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಗ್ರಂಥಾಲಯದ ಗಣಕೀಕೃತ ಸೂಚಿಯಲ್ಲಿ ಓದುಗರೊಬ್ಬರು ಪುಸ್ತಕದ ಹೆಸರನ್ನು ಹುಡುಕುತ್ತಿದ್ದಾರೆಂದೂ, ಹತ್ತು ಕೀಲಿಗಳನ್ನು 100 ಮಿಲಿಸೆಕೆಂಡುಗಳಿಗೊಂದರಂತೆ ಒತ್ತುತ್ತಾರೆಂದೂ ಭಾವಿಸೋಣ. ಮೊದಲ ಒತ್ತು 0ಯಲ್ಲಿ, ಹತ್ತನೆಯದು 900ರಲ್ಲಿ. ಮಿತಿಯಿಲ್ಲದಿದ್ದರೆ ಹತ್ತು ಹುಡುಕಾಟಗಳು ನಡೆಯುತ್ತವೆ, ಅವುಗಳಲ್ಲಿ ಒಂಬತ್ತು ಯಾರಿಗೂ ಬೇಡವಾದುವು.

250 ಮಿಲಿಸೆಕೆಂಡಿನ ಪುಟಿತ ನಿವಾರಣೆಯನ್ನು ಅಳವಡಿಸಿದರೆ, ಒತ್ತು ಬಂದಾಗಲೆಲ್ಲ ಕಾಯುವಿಕೆ ಹೊಸದಾಗಿ ಆರಂಭವಾಗಿ, ಬೆರಳು ನಿಂತ ಮೇಲೆ 1150ರಲ್ಲಿ ಒಂದೇ ಹುಡುಕಾಟ ನಡೆಯುತ್ತದೆ. ಅದೇ ಅವಧಿಯ ‘ಥ್ರಾಟಲ್’ ಅಳವಡಿಸಿದರೆ ಮೊದಲ ಒತ್ತು ತಕ್ಷಣ ಹೋಗಿ, ಬಾಗಿಲು 250 ಮಿಲಿಸೆಕೆಂಡು ಮುಚ್ಚುತ್ತದೆ. ಹೀಗೆ 1, 4, 7 ಮತ್ತು 10ನೆಯ ಒತ್ತುಗಳು ಸಾಗುತ್ತವೆ. ‘ಆಡಿಟ್’ ಎಂಬ ಇನ್ನೊಂದು ಕ್ರಮದಲ್ಲಿ ಮೊದಲ ಒತ್ತಿನಿಂದ ಎಣಿಕೆ ಆರಂಭವಾಗಿ, ಅವಧಿ ಮುಗಿದಾಗ ಅತ್ಯಂತ ಈಚಿನದು ಹೊರಡುವುದರಿಂದ 3, 6, 9 ಮತ್ತು 10ನೆಯವು ಸಾಗುತ್ತವೆ. ‘ಬಫರ್’ ಎಂಬ ಕ್ರಮವಾದರೋ ಏನನ್ನೂ ಬಿಡದೆ ಗಂಟುಕಟ್ಟಿ ಕಳುಹಿಸುತ್ತದೆ.

ಪ್ರತಿಯೊಂದಕ್ಕೂ ತನ್ನದೇ ಆದ ದೋಷವಿದೆ. ಪುಟಿತ ನಿವಾರಣೆಯು ಮೌನಕ್ಕಾಗಿ ಕಾಯುವುದರಿಂದ, ಎಂದೂ ನಿಲ್ಲದ ಹರಿವಿನಲ್ಲಿ ಅದು ಎಂದೂ ಮಾತನಾಡುವುದಿಲ್ಲ. ಅಪಾಯದ ಸೂಚನೆ ಎಡೆಬಿಡದೆ ಬರುವ ಕಡೆ ಇದನ್ನು ಅಳವಡಿಸಿದರೆ, ಅಪಾಯ ಇರುವಷ್ಟು ಹೊತ್ತೂ ಗಂಟೆ ಬಾರಿಸದೆ ಉಳಿಯುತ್ತದೆ. ಮೊದಲನೆಯದನ್ನು ಮಾತ್ರ ಹಿಡಿಯುವ ‘ಥ್ರಾಟಲ್’ ಕೊನೆಯದನ್ನು ನುಂಗಬಲ್ಲದು. ಮೇಲಿನ ಓದುಗರು ಒಂಬತ್ತೇ ಕೀಲಿಗಳನ್ನು ಒತ್ತಿದ್ದರೆ ಏಳನೆಯದರವರೆಗಿನ ತುಂಡು ಪದವನ್ನಷ್ಟೇ ಹುಡುಕಿದಂತಾಗಿ, ಅವರು ಬಯಸಿದ ಪುಸ್ತಕ ಸಿಗದೇ ಹೋಗಬಹುದು. ಗಂಟುಕಟ್ಟುವ ಕ್ರಮದಲ್ಲಿ ಗಂಟೇ ಹೊರಲಾರದಷ್ಟು ಬೆಳೆಯುವ ಭಯವಿದೆ. ಪೆನ್ಸಿಲ್ವೇನಿಯಾದ ಮುದ್ರಣಯಂತ್ರಕ್ಕೆ ಆದದ್ದು ಇದೇ.

ಪಾಠಾಂತರಗಳು

ಮೌಖಿಕ ಪರಂಪರೆಯಲ್ಲಿ ಒಂದೇ ಕಥೆಗೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಕಥೆಗಳಿರುವುದು ಸಾಮಾನ್ಯ. ಈ ಕಸುಬಿನಲ್ಲಿಯೂ ಅದೇ ವಿದ್ಯಮಾನ ಕಂಡುಬರುತ್ತದೆ. ಮೈಕ್ರೊಸಾಫ್ಟ್‌ನ ಮೂಲ ಸಂಗ್ರಹದಲ್ಲಿ ‘ಥ್ರಾಟಲ್’ ಎಂದು ಕರೆಯಲಾದ ಕ್ರಿಯೆಯು ವಾಸ್ತವವಾಗಿ ಮೌನಕ್ಕಾಗಿ ಕಾಯುವ ಪುಟಿತ ನಿವಾರಣೆ. ಇದೇ ವೇಳೆಗೆ ಜಾಲಪುಟಗಳ ಜಾವಾಸ್ಕ್ರಿಪ್ಟ್ ಕಸುಬುದಾರರ ನಡುವೆ ‘ಡಿಬೌನ್ಸ್’ ಎಂಬ ಪದವು ಯಂತ್ರಾಂಶದಿಂದ ಇಳಿದುಬಂದಿತ್ತು. 2010ರಲ್ಲಿ ಬೆನ್ ಆಲ್‌ಮನ್ ಪ್ರಕಟಿಸಿದ ಕಿರುಸಾಧನವು ‘ಥ್ರಾಟಲ್’ ಮತ್ತು ‘ಡಿಬೌನ್ಸ್’ ಎರಡನ್ನೂ ಒಟ್ಟಿಗಿಟ್ಟು ಅವುಗಳ ಭೇದವನ್ನು ಬಳಕೆದಾರರಲ್ಲಿ ಹರಡಿತು.

ನೆಟ್‌ಫ್ಲಿಕ್ಸ್ ಸಂಸ್ಥೆಯು 2013ರಲ್ಲಿ ಜಾವಾ ಭಾಷೆಗೆ ತಂದ ರೂಪದಲ್ಲಿ ಎರಡೂ ಸಂಪ್ರದಾಯಗಳಿಗೆ ಮನ್ನಣೆ ದೊರೆಯಿತು. ಅಲ್ಲಿ ‘ಡಿಬೌನ್ಸ್’ ಎಂಬುದಕ್ಕೆ ‘ಥ್ರಾಟಲ್‌ವಿತ್‌ಟೈಮ್‌ಔಟ್’ ಎಂಬ ಪರ್ಯಾಯ ನಾಮವೂ, ‘ಸ್ಯಾಂಪಲ್’ ಎಂಬುದಕ್ಕೆ ‘ಥ್ರಾಟಲ್‌ಲಾಸ್ಟ್’ ಎಂಬ ಪರ್ಯಾಯ ನಾಮವೂ ಇವೆ. ಜಾವಾಸ್ಕ್ರಿಪ್ಟ್ ರೂಪದ ಐದನೆಯ ಆವೃತ್ತಿಯಲ್ಲಿ ‘ಡಿಬೌನ್ಸ್‌ಟೈಮ್’, ‘ಥ್ರಾಟಲ್‌ಟೈಮ್’, ‘ಆಡಿಟ್‌ಟೈಮ್’, ‘ಸ್ಯಾಂಪಲ್‌ಟೈಮ್’ ಎಂಬ ಪ್ರತ್ಯೇಕ ಹೆಸರುಗಳು ನೆಲೆಗೊಂಡವು. ಜಾನಪದದಲ್ಲಿ ಪಾಠಾಂತರವು ಸಂಪತ್ತು. ಕಸುಬಿನ ಸೂಚನೆಯಲ್ಲಿ ಅದು ಅಪಾಯವೂ ಆಗಬಲ್ಲದು. ಒಂದು ಭಾಷೆಯಲ್ಲಿ ಪಳಗಿದವರು ಇನ್ನೊಂದರಲ್ಲಿ ಅದೇ ಹೆಸರನ್ನು ನಂಬಿ ಬಳಸಿದರೆ, ನಿಯತವಾಗಿ ಬರಬೇಕಾದ ಸುದ್ದಿ ನಿಂತೇ ಹೋಗುವ ಸಾಧ್ಯತೆಯಿದೆ.

ಇಂಥ ಜ್ಞಾನವು ಶಾಸ್ತ್ರಗ್ರಂಥಗಳಿಗಿಂತ ಪೆಟ್ಟು ತಿಂದ ಅನುಭವಗಳ ಮೂಲಕ ಪಸರಿಸಿತೆಂಬುದಕ್ಕೆ 2011ರ ಒಂದು ಪ್ರಸಂಗ ಸಾಕ್ಷಿ. ಟ್ವಿಟರ್ ತಾಣದಲ್ಲಿ ಪುಟವನ್ನು ಸರಿಸುವುದು ಬಹಳ ನಿಧಾನವಾದಾಗ, ಸರಿಸುವಿಕೆಯ ಪ್ರತಿ ಘಟನೆಗೂ ಭಾರವಾದ ಹುಡುಕಾಟವೊಂದು ನಡೆಯುತ್ತಿದ್ದುದು ಪತ್ತೆಯಾಯಿತು. ಘಟನೆ ಬಂದಾಗ ಒಂದು ಗುರುತನ್ನಷ್ಟೇ ಹಾಕಿ, 250 ಮಿಲಿಸೆಕೆಂಡಿಗೊಮ್ಮೆ ಆ ಗುರುತನ್ನು ನೋಡಿ ಕೆಲಸ ಮಾಡಬೇಕೆಂದು ಜಾನ್ ರೆಸಿಗ್ ಸಲಹೆ ನೀಡಿದರು. ಆ ಸಲಹೆಯು ಕಸುಬುದಾರರ ನಡುವೆ ದೃಷ್ಟಾಂತಕಥೆಯಂತೆ ಪ್ರಚಾರ ಪಡೆಯಿತು.

ತೂಬು ಮತ್ತು ಕೋಡಿ

ಇಲ್ಲಿಯವರೆಗಿನ ಬಹುತೇಕ ಉಪಾಯಗಳು ಗಡಿಯಾರವನ್ನು ನಂಬಿದಂಥವು. ಸುದ್ದಿಯನ್ನು ಬಿಡುವುದೇ ತಪ್ಪಾಗುವ ಸಂದರ್ಭಗಳಿಗೆ ಅವು ಸಾಲವು. ನೇಗಲ್ ಮತ್ತು ಜೇಕಬ್‌ಸನ್ ಕಂಡುಕೊಂಡಿದ್ದ ಉತ್ತರಾಧಾರಿತ ಕ್ರಮವು ಇಲ್ಲಿ ಮರಳಿ ಬಂದಿತು. 2013ರ ಕೊನೆಯಲ್ಲಿ ಹಲವು ಸಂಸ್ಥೆಗಳ ತಂತ್ರಜ್ಞರು ಆರಂಭಿಸಿದ ‘ರಿಯಾಕ್ಟಿವ್ ಸ್ಟ್ರೀಮ್ಸ್’ ಪ್ರಯತ್ನವು 2015ರ ಏಪ್ರಿಲ್‌ನಲ್ಲಿ ಮೊದಲ ನಿಯಮಾವಳಿಯನ್ನು ಹೊರತಂದಿತು. 2017ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 9ರಲ್ಲಿ ಅದು ಭಾಷೆಯ ಭಾಗವೇ ಆಯಿತು. ಪಡೆಯುವವನು ತನಗೆ ಎಷ್ಟು ಬೇಕೆಂಬುದನ್ನು ಮೊದಲು ಕೇಳಬೇಕು, ಕೊಡುವವನು ಕೇಳಿದ್ದಕ್ಕಿಂತ ಹೆಚ್ಚು ಕಳುಹಿಸಬಾರದು ಎಂಬುದು ಅದರ ಸಾರ.

ಕನ್ನಡದ ಓದುಗರಿಗೆ ಈ ಭೇದವನ್ನು ಕೆರೆಯ ಪರಿಭಾಷೆಯಲ್ಲಿ ಸುಲಭವಾಗಿ ಹೇಳಬಹುದು. ಕೆರೆಗೆ ತೂಬು ಮತ್ತು ಕೋಡಿ ಎಂಬ ಎರಡು ದಾರಿಗಳಿವೆ. ಗದ್ದೆಯ ಅಗತ್ಯವನ್ನರಿತು ನೀರುಗಂಟಿಯು ತೆರೆಯುವುದು ತೂಬು. ತುಂಬಿದ ಮೇಲೆ ಹೆಚ್ಚಾದದ್ದು ಹರಿದುಹೋಗುವುದು ಕೋಡಿ. ಕೋರಿಕೆಯಂತೆ ಕಳುಹಿಸುವುದು ತೂಬಿನ ಕ್ರಮ, ಹೆಚ್ಚಾದದ್ದನ್ನು ಬಿಡುವುದು ಕೋಡಿಯ ಕ್ರಮ. ಆದರೆ ತೂಬಿನ ಕ್ರಮವು ಎಲ್ಲೆಡೆ ನಡೆಯದು. ದತ್ತಸಂಚಯವನ್ನು ನಿಧಾನವಾಗಿ ಕೊಡೆಂದು ಕೇಳಬಹುದು; ಕೀಲಿ ಒತ್ತುವ ಬೆರಳನ್ನೋ ನಡುಗುವ ಭೂಮಿಯನ್ನೋ ಕೇಳಲಾಗದು. ಕೋರಿಕೆಗೆ ಮಣಿಯದ ಮೂಲಗಳಿರುವಲ್ಲಿ ಕೋಡಿ ಅನಿವಾರ್ಯ. ಕೋಡಿಯಿಲ್ಲದ ಕೆರೆಯ ಏರಿ ಒಡೆಯುತ್ತದೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಘಟನೆಗಳ ದರವನ್ನು ಮಿತಗೊಳಿಸುವ ಕಲೆಯು ಗಣಕದ ಜೊತೆಗೆ ಹುಟ್ಟಿದ್ದಲ್ಲ. ಗಿರಣಿ, ಹಬೆಯಂತ್ರ, ವಿದ್ಯುತ್ ಗುಂಡಿ, ಸಂಪರ್ಕಜಾಲಗಳ ಕಸುಬುಗಳು ಒಂದರಿಂದೊಂದು ಪಡೆದುಕೊಂಡು ಬೆಳೆಸಿದ ಪರಂಪರೆ ಅದು. ಪದಗಳು ವಲಸೆ ಬಂದಾಗ ಅರ್ಥಗಳು ಅದಲುಬದಲಾಗಿವೆ. ಆ ಗೊಂದಲವು ಯಂತ್ರದ ನಡವಳಿಕೆಯಲ್ಲಿಯೂ ಪ್ರತಿಫಲಿಸಿದೆ. ಆದ್ದರಿಂದ ಪಾರಿಭಾಷಿಕ ಪದಗಳ ಚರಿತ್ರೆಯನ್ನು ಅರಿಯುವುದು ಕಸುಬಿಗೂ ಉಪಯುಕ್ತವಾದುದು.

ಮುಖ್ಯವಾಗಿ, 250 ಮಿಲಿಸೆಕೆಂಡೆಂಬ ಸಣ್ಣ ಸಂಖ್ಯೆಯನ್ನು ಬರೆಯುವವರು ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನೂ ನಿರ್ಧರಿಸುತ್ತಿರುತ್ತಾರೆ. ಬಿಟ್ಟುಹೋದ ಘಟನೆಯು ತಾನು ಬಿಟ್ಟುಹೋದೆನೆಂದು ಹೇಳುವುದಿಲ್ಲ. ಅದನ್ನು ಕಾಯುತ್ತಿದ್ದ ವ್ಯಕ್ತಿಗೆ ಕಾರಣವೂ ತಿಳಿಯುವುದಿಲ್ಲ. 1969ರಲ್ಲಿ ಆ ನಿರ್ಧಾರವನ್ನು ಮುಂಚಿತವಾಗಿ, ವಿಚಾರಪೂರ್ವಕವಾಗಿ ಕೈಗೊಳ್ಳಲಾಗಿತ್ತು. 1979ರಲ್ಲಿ ಅದನ್ನು ಯಾರೂ ಕೈಗೊಂಡಿರಲಿಲ್ಲ. ಈ ಎರಡರ ನಡುವಿನ ಅಂತರವನ್ನು ನೆನಪಿನಲ್ಲಿಡುವುದೇ ಈ ಪರಂಪರೆಯು ತನ್ನ ಹೊಸ ತಲೆಮಾರಿಗೆ ದಾಟಿಸಬೇಕಾದ ತಿಳಿವಳಿಕೆ.